ನಮ್ಮೂರಿಗೆ ಬಾರದ ನಿಘಂಟಿನವನು

ಓದು ಬಾರದ ಅಜ್ಜಿ ಅಡಿಕೆ ಕಟ್ಟಿಕೊಳ್ಳಲು ನನ್ನ ಬಹುಮಾನದ ಪುಸ್ತಕದ ಹಾಳೆ ಹರಿದಳೆಂದು ಮನೆಯವರೆಲ್ಲ ಇಂದಿಗೂ ನಗುತ್ತಾರೆ. ನಾನು ಒಪ್ಪುವುದಿಲ್ಲ. ಅಡಿಕೆಗೆ ಯಾವ ಹಾಳೆಯಾದರೂ ಆಗುತ್ತಿತ್ತು. ಅವಳು ಕೊನೆಯದನ್ನೇ ಹರಿದದ್ದೇಕೆ?

ಒಣ ಶೇಂಗಾ ಸಿಪ್ಪೆಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ. ಕೂಡ್ಲಿಗಿಯ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದು ತಂದ ಆ ಚಿತ್ರದ ಪುಸ್ತಕ ಒಬ್ಬ ನಿಘಂಟುಕಾರನ ಜೀವನಕಥೆ. ಅಜ್ಜಿ ಕಟ್ಟೆಯ ಮೇಲೆ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವನು ಕೊಡೆ ಹಿಡಿದು ಊರೂರು ಅಲೆದು, ಮುದುಕಿಯರ ಪಕ್ಕ ಕೂತು, ಅವರಾಡುವ ಮಾತುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದನಂತೆ. ಅಜ್ಜಿಯ ಕೈ ನಿಂತಿತು.

"ನಮ್ಮೂರಿಗೆ ಯಾವಾಗ ಬರ್ತಾನಂತ?"

ನಾನು ಕೊನೆಯ ಹಾಳೆ ತಿರುವಿದೆ. "ಎಲ್ಲಿ ಬರ್ತಾನಬೇ ಅಜ್ಜಿ, ಸತ್ತಾನ. ನೋಡು, ಫೋಟೋಕ್ಕ ಹಾರ ಹಾಕ್ಯಾರ."

ಧೂಳು ಮೆತ್ತಿದ ಬೆರಳಿನಿಂದ ಅವಳು ಆ ಹಾರ ಮುಟ್ಟಿ ನೋಡಿದಳು.

"ನನ್ನ ಮಾತು ಕೇಳಲಾರದ ಹ್ಯಾಂಗ ಸಾಯ್ತಾನಲೇ? ನಿನ್ನ ಪುಸ್ತಕ ಸುಳ್ಳು ಹೇಳ್ತೈತಿ!"

ಪರ್ರನೆ ಹಾಳೆ ಹರಿದು, ಮಡಚಿ, ಎಲೆಯಡಿಕೆ ಚೀಲದೊಳಗೆ ತುರುಕಿಕೊಂಡಳು. "ಈಗ ಬರ್ತಾನ ಬಿಡು" ಎಂದು ಸೆರಗಿನಿಂದ ತನ್ನ ಪಕ್ಕದ ಸಿಪ್ಪೆಯನ್ನೆಲ್ಲ ಝಾಡಿಸಿ, ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಚರ್ಚೆಯಲ್ಲಿ ಗೆದ್ದು ಬಂದ ನಾನು ಆ ಜಾಗ ಬಿಟ್ಟು ಆಚೆ ಸರಿದು ಕೂತೆ.

ಅಜ್ಜಿ, ಅವನು ನಿಜವಾಗಿ ಬಂದು ಅಲ್ಲಿ ಕೂತಿದ್ದರೆ, ಮೊದಲು ಯಾವ ಮಾತು ಬರೆಸುತ್ತಿದ್ದೆ?