ಮಾನ್ವಿ ಹನ್ನೆರಡು

ಹಳೆಯ ಕಪ್ಪು ಫೋನಿನ ರಿಸೀವರ್ ಎಲ್ಲಿ ಕಂಡರೂ ಇಂದಿಗೂ ನನಗೆ ಮೊದಲು ಕೇಳುವುದು ಬಳೆಗಳ ಸದ್ದು.

ಮಾನ್ವಿಯಲ್ಲಿ ನಮ್ಮ ಮನೆಗೂ ಪಕ್ಕದ ಹಸೀನಾ ಖಾಲಾ ಮನೆಗೂ ಸೇರಿ ಒಂದೇ ಲೈನು, ಒಂದೇ ನಂಬರು: ಮಾನ್ವಿ ಹನ್ನೆರಡು. ಗಂಟೆ ಒಮ್ಮೆ ಬಾರಿಸಿ ನಿಂತರೆ ಕರೆ ನಮಗೆ, ಎರಡು ಸಲ ಬಾರಿಸಿದರೆ ಅವರಿಗೆ. ಖಾಲಾ ಮಾತ್ರ ಎರಡಕ್ಕೂ ಎತ್ತುತ್ತಿದ್ದರು. ರಿಸೀವರಿನಲ್ಲಿ ಬಳೆ ಸದ್ದಾದೊಡನೆ ಅಜ್ಜಿ ಗದರುತ್ತಿದ್ದಳು: "ಹಸೀನಾ, ಫೋನ್ ಇಡವ್ವಾ. ಇದು ನಮ್ಮನಿ ಮಾತು."

ಅಕ್ಕ ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದೂ ಹೋದರೆ ಓದು ಬಿಡಿಸುವುದೆಂದು ತೀರ್ಮಾನವಾಗಿತ್ತು. ಫಲಿತಾಂಶ ನೋಡಲು ಅಪ್ಪ ರಾಯಚೂರಿಗೆ ಹೋಗಿದ್ದ ಮಧ್ಯಾಹ್ನ ಗಂಟೆ ಒಮ್ಮೆ ಬಾರಿಸಿತು. ಟ್ರಂಕ್ ಕಾಲ್! ಅಜ್ಜಿ ಎತ್ತಿದಳು, ನಾನು ಅವಳ ಕೆನ್ನೆಗೆ ಕೆನ್ನೆ ಹಚ್ಚಿ ನಿಂತೆ. ಗೊರಗೊರ ಸದ್ದಿನಲ್ಲಿ ಅಪ್ಪನ ದನಿ ಮುಳುಗಿಹೋಯಿತು.

"ಏನಂದೀ? ಪಾಸೋ ಫೇಲೋ?" ಅಜ್ಜಿ ಕೂಗುತ್ತಿದ್ದಂತೆ ರಾಯಚೂರಿನ ಲೈನು ಕಡಿಯಿತು.

ಆಗ ಬಳೆ ಗಲ್ಲೆಂದವು. ವರ್ಷಗಟ್ಟಲೆ ಕದ್ದು ಕೇಳಿ ಪಳಗಿದ ಕಿವಿ ಅದು.

"ಪಾಸಾಗ್ಯಾಳ್ರೀ ಯವ್ವಾ! ಗಣಿತದಾಗೂ ಪಾಸಂತ!"

ಅಡುಗೆಮನೆಯಿಂದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಜ್ಜಿ ರಿಸೀವರನ್ನು ಅವಳ ಕಿವಿಗೆ ಒತ್ತಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಫೋನ್ ಇಡಬ್ಯಾಡವ್ವಾ ಹಸೀನಾ! ಇನ್ನೊಮ್ಮೆ ಹೇಳು, ನಮ್ಮ ಹುಡುಗಿ ಕೇಳಲಿ!"