ಚಿಲಕ ಹಾಕಿದವನು

ಪುಕ್ಕಲ ಕಣ್ಣುಜ್ಜಿಕೊಳ್ಳುತ್ತ ದಿಕ್ಕುತಪ್ಪಿ ಓಡಿ ಬಂದು ಮೀನಿನ ಶೀತಲಗೃಹದ ಯಂತ್ರದ ಕೋಣೆಯ ಕಬ್ಬಿಣದ ಬಾಗಿಲಿಗೆ ಡಿಕ್ಕಿ ಹೊಡೆದಾಗ ಚಿಲಕ ಆಗಲೇ ಬಿದ್ದಿತ್ತು. ಯಾರು ಹಾಕಿದರೋ, ಅವನು ನೋಡಿರಲಿಲ್ಲ. ಬಾಗಿಲ ಸಂದಿಯಿಂದ ಅಮೋನಿಯಾ ಸಣ್ಣಗೆ ಸೋರುತ್ತಿತ್ತು. ಯಂತ್ರದ ಅಬ್ಬರದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಆಸರೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಚಿಲಕ.

ಅದೇ ಹೊತ್ತಿಗೆ ಮೀನು ಪ್ಯಾಕ್ ಮಾಡುವ ಮೂವತ್ತೆರಡು ಹೆಂಗಸರು ಮೂಗು ಮುಚ್ಚಿಕೊಂಡು, ಕೋಣೆಯ ಮುಂದಿಂದ ಅಂಗಳಕ್ಕೆ ಹೋಗುವ ಓಣಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಅವನ ಅತ್ತಿಗೆ. ಖಾಲಿ ಪೆಟ್ಟಿಗೆ ತರಲು ಹೋಗಿ ಬಂದು ‘ಗ್ಯಾಸು, ಏಳ್ರೇ’ ಎಂದು ಮೊದಲು ಕೂಗಿದವಳೂ ಅವಳೇ. ಉಳಿದವರ ಮೂಗಿಗೆ ಆಗಿನ್ನೂ ಮೀನಿನ ವಾಸನೆ ಬಿಟ್ಟು ಬೇರೇನೂ ತಟ್ಟಿರಲಿಲ್ಲ.

“ನೋಡ್ರೇ, ನನ್ನ ಮೈದುನ! ಇವನು ಚಿಲಕ ಹಾಕದೇ ಇದ್ದಿದ್ರೆ ಇಷ್ಟೊತ್ತಿಗೆ ನಾವೆಲ್ಲ ಹೆಣ,” ಎಂದಳು.

ನಾನಲ್ಲ ಎನ್ನಲು ಅವನು ಬಾಯಿ ತೆರೆದ. ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಹೆಂಗಸರು ಅವನನ್ನು ಅಂಗಳಕ್ಕೆ ಹೊತ್ತು ತಂದು, ನೀರು ಕುಡಿಸಿ, ಕೈ ಹಿಡಿದುಕೊಂಡು ಅಳುತ್ತಿದ್ದರು. ಹತ್ತು ವರ್ಷದಿಂದ ಮೀನಿನ ಗಾಡಿ ತಳ್ಳುವವನು. ಜಿರಲೆ ಕಂಡರೆ ಗಾಡಿ ಬಿಟ್ಟು ಓಡಿ ಈ ಹೆಸರು ಸಂಪಾದಿಸಿದವನು. ಅವನತ್ತ ಹಾಗೆ ಯಾರೂ ಯಾವತ್ತೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡ. ಸುಳ್ಳು ಹೇಳುವ ಕಷ್ಟವೂ ಬೀಳಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಅಗ್ನಿಶಾಮಕದವರು ಚಾವಣಿಯ ಮೇಲಿನ ಮುಖ್ಯ ವಾಲ್ವ್ ಮುಚ್ಚಿ, ಮೂರನೆಯ ದಿನದವರೆಗೆ ಆ ಬಾಗಿಲು ತೆರೆಯಕೂಡದೆಂದು ಹೇಳಿ ಹೋದರು. ಒಳಗೆ ಯಾರಾದರೂ ಇರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಯಂತ್ರ ನೋಡಿಕೊಳ್ಳುವವನು ಪುಕ್ಕಲನ ಅಣ್ಣ. ಅಂದು ಅವನಿಗೆ ರಜೆ. ಅಂಥ ದಿನ ಯಂತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು, ಮೇಲ್ವಿಚಾರಕ ಗಂಟೆಗೊಮ್ಮೆ ಇಣುಕುತ್ತಿದ್ದ. ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ. ಒಂದು ಕಾಲಕ್ಕೆ ಇತ್ತು. ಅಣ್ಣ ಕುಡಿದು ಬಂದು, ಒಳಗಿಂದ ಭದ್ರ ಮಾಡಿಕೊಂಡು, ಯಂತ್ರದ ಹಿಂದೆ ಬೆಚ್ಚಗೆ ಮಲಗುತ್ತಾನೆಂದು ಮಾಲೀಕ ಅದನ್ನು ಕೊಯ್ಯಿಸಿ ಹಾಕಿದ್ದ.

“ಅಣ್ಣನಿಗೆ ಹೇಳ್ಬೇಕು ಅತ್ತಿಗೆ. ನಂಬ್ತಾನೋ ಇಲ್ವೋ,” ಎಂದ ಪುಕ್ಕಲ ಸಂಜೆ.

“ಎಲ್ಲೋ ಮಲಗಿರ್ತಾರೆ. ಮಲಗಿರ್ಲಿ ಬಿಡು.”

ಅಣ್ಣ ಎರಡು ಮೂರು ದಿನ ನಾಪತ್ತೆಯಾಗುವುದು ಹೊಸದಲ್ಲ. ಅವನಿಲ್ಲದ ದಿನ ಮನೆ ತಣ್ಣಗಿರುತ್ತಿತ್ತು. ಅತ್ತಿಗೆ ಸೆಖೆಯಲ್ಲೂ ಉದ್ದ ತೋಳಿನ ಅಂಗಿ ತೊಡುತ್ತಿದ್ದಳು. ಯಾಕೆಂದು ಇಡೀ ಬೀದಿಗೆ ಗೊತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಬೀದಿ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಪುಕ್ಕಲ ರೇಡಿಯೋ ಜೋರು ಮಾಡುತ್ತಿದ್ದ.

ಎರಡು ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಮಾಲೀಕ ತನ್ನ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸಿದ. ಜನ ಹೊಗಳಿ ಅಟ್ಟಕ್ಕೇರಿಸಿದರು. ಪುಕ್ಕಲ ಎನ್ನಲು ಎಲ್ಲರಿಗೂ ನಾಚಿಕೆ. ಆದರೆ ಒಳಗೊಳಗೆ ಒಂದು ಹುಳ ಕೊರೆಯುತ್ತಿತ್ತು: ನಿಜವಾಗಿ ಚಿಲಕ ಹಾಕಿದವರು ಇಲ್ಲೇ ಎಲ್ಲೋ ಇದ್ದಾರೆ. ಯಾವ ಗಳಿಗೆಯಲ್ಲಾದರೂ ಮುಂದೆ ಬಂದು ತನ್ನ ಮಾನ ಕಳೆದಾರು. ಅದಕ್ಕೇ ಕೇಳಿದವರಿಗೆಲ್ಲ ಕತೆಗೆ ಕೈಕಾಲು ಹಚ್ಚಿ ಹೇಳತೊಡಗಿದ. ವಿವರ ಹೆಚ್ಚಿದಷ್ಟೂ ಸತ್ಯವಾಗುತ್ತದೆಂದು ಆ ಬೆಪ್ಪನ ಲೆಕ್ಕಾಚಾರ.

“ಒಳಗೆ ಯಾರಾದ್ರೂ ಸಿಕ್ಕಿಹಾಕಿಕೊಂಡಿದ್ರೆ ಏನ್ ಗತಿ ಅಂತ ಅನ್ನಿಸ್ಲಿಲ್ವಾ?” ಎಂದು ಪತ್ರಿಕೆಯವನು ಕೇಳಿದ.

“ಒಳಗೆ ಹೋಗಿ ಮೂಲೆ ಮೂಲೆ ನೋಡಿನೇ ಹಾಕಿದ್ದು ಸಾರ್. ನೋಡ್ದೆ ಹಾಕೋಕೆ ನಾನೇನು ಹುಚ್ಚನಾ?”

ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಮರುದಿನ ಆ ಮಾತು ದಪ್ಪ ಅಕ್ಷರದಲ್ಲಿ ಅಚ್ಚಾಯಿತು.

ಅಂದೇ ಮೂರನೆಯ ದಿನ. ಬೆಳಿಗ್ಗೆ ಬಾಗಿಲು ತೆರೆದರು. ಬಾಗಿಲಿಗೇ ಒತ್ತಿಕೊಂಡು ಅಣ್ಣ ಸತ್ತು ಬಿದ್ದಿದ್ದ. ಬೆರಳುಗಳ ಉಗುರು ಕಿತ್ತುಹೋಗಿದ್ದವು.

ಎತ್ತಿ ಮೆರೆಸಿದ ಕೈಗಳೇ ಪುಕ್ಕಲನ ಕೊರಳಪಟ್ಟಿ ಹಿಡಿದವು. “ಮೂಲೆ ಮೂಲೆ ನೋಡ್ದೆ ಅಂದ್ಯಲ್ಲೋ ಪಾಪಿ! ಒಡಹುಟ್ಟಿದವನು ಕಾಣಿಸ್ಲಿಲ್ವಾ?” ಮನೆಯ ಪಾಲಿಗಾಗಿ ಅಣ್ಣ ತಮ್ಮ ಕಿತ್ತಾಡಿದ್ದು ಯಾರಿಗೋ ಥಟ್ಟನೆ ನೆನಪಾಯಿತು. ಆಮೇಲೆ ಎಲ್ಲರಿಗೂ ನೆನಪಾಯಿತು.

“ನಾನಲ್ಲ! ನಾನು ಬಂದಾಗ್ಲೇ ಹಾಕಿತ್ತು! ಹಾಕಿದವರು ಯಾರು, ಹೇಳ್ರೇ!” ಎಂದು ಅವನು ಗಂಟಲು ಹರಿಯುವಂತೆ ಅರಚಿದ. ಎರಡು ದಿನ ಯಾರು ಬಂದುಬಿಡುತ್ತಾರೋ ಎಂದು ನಡುಗಿದ್ದನೋ, ಈಗ ಅವರು ಬರಲೆಂದು ಮೂವತ್ತೆರಡು ಮುಖಗಳನ್ನೂ ಒಂದೊಂದಾಗಿ ಬೇಡಿಕೊಂಡ. ಒಬ್ಬಳು ಉಗುಳಿದಳು. ಉಳಿದವರು ಮುಖ ತಿರುಗಿಸಿದರು. ಇನ್ಸ್‌ಪೆಕ್ಟರ್ ಪತ್ರಿಕೆಯ ಪುಟವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಜೀಪು ಹತ್ತಿಸುವಾಗ ಪುಕ್ಕಲ ಕೊಸರಿಕೊಂಡು ಓಡಿ ಅತ್ತಿಗೆಯ ಕಾಲು ಹಿಡಿದ.

“ಅತ್ತಿಗೆ, ನೀವೇ ಅಲ್ವಾ ಮೊದಲು ಬಂದೋರು? ನಾನು ಹಾಕ್ಲಿಲ್ಲ ಅಂತ ನಿಮಗೆ ಗೊತ್ತಿರುತ್ತೆ. ಒಂದೇ ಒಂದು ಮಾತು ಹೇಳಿ. ನನ್ನನ್ನ ನೇಣಿಗೆ ಹಾಕ್ತಾರೆ.”

ಅವಳು ಬಗ್ಗಿ, ಎರಡೂ ಭುಜ ಹಿಡಿದು ಮೈದುನನನ್ನು ಎಬ್ಬಿಸಿದಳು. ಗಂಡನನ್ನು ಕೊಂದವನ ಮೇಲೂ ಎಂಥ ಕರುಣೆ ಎಂದು ಉಳಿದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು.

“ಗೊತ್ತು. ಚಿಲಕ ಹಾಕಿದ್ದು ನಾನು,” ಎಂದಳು ಅವಳು ಅವನ ಕಿವಿಯಲ್ಲಿ. “ಗ್ಯಾಸು ಬಿಟ್ಟಿದ್ದು ಯಾರು ಅಂತ ಅವರಿನ್ನೂ ಕೇಳಿಲ್ಲ. ಕೇಳ್ತಾರೆ. ಅದನ್ನೂ ನೀನೇ ಒಪ್ಪಿಕೊಂಡುಬಿಡು.”