ಅಪ್ಪ ಹೆಣೆದ ಜಡೆ

ತುಮಕೂರಿನ ಪಾರ್ಲರಿನಲ್ಲಿ ನನ್ನ ಮಗಳ ಕೂದಲನ್ನು ನೆತ್ತಿಗೆ ಅಂಟಿಸಿದಂತೆ ಸಾಲುಸಾಲಾಗಿ ಹೆಣೆಯುತ್ತಿರುವ ಹುಡುಗಿಯ ಬೆರಳಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿದೆ.

ನಾನು ಇವಳಷ್ಟಿದ್ದಾಗ ಅವ್ವ ಹೆರಿಗೆಗೆಂದು ಅಮೃತೂರಿನ ತವರಿಗೆ ಹೋಗಿದ್ದಳು. ಎರಡು ಜಡೆ ಇಲ್ಲದೆ ಸ್ಕೂಲಿಗೆ ಹೋಗುವಂತಿರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ತೆಂಗಿನ ಗರಿ ಹೆಣೆಯುವುದು ಮಾತ್ರ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಸುರಿದು, ಹಣೆಯ ಅಂಚಿನಿಂದಲೇ ಶುರು ಮಾಡಿದ.

"ಅಲ್ಲಾಡ್ಬೇಡ ಕಣವ್ವ, ಗರಿ ಸಡ್ಲ ಆಯ್ತದೆ."

"ಅದು ಗರಿ ಅಲ್ಲಪ್ಪ, ಕೂದ್ಲು!"

ಅವನ ಬಿರುಕುಬಿಟ್ಟ ಬೆರಳುಗಳಿಗೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಎರಡೂ ಜಡೆ ತಲೆಗೇ ಕಚ್ಚಿಕೊಂಡು ಕುತ್ತಿಗೆಯವರೆಗೆ ಇಳಿದವು. ಬಿಗಿತಕ್ಕೆ ಹುಬ್ಬು ಮೇಲೆದ್ದವು. ನಮ್ಮೂರಲ್ಲಿ ಯಾರೂ ಅಂಥ ಜಡೆ ಹಾಕುತ್ತಿರಲಿಲ್ಲ. ದಾರಿಯ ಮೋರಿಯ ಹತ್ತಿರ ನಿಂತು ಎಲ್ಲ ಬಿಚ್ಚಿ, ಸ್ಕೂಲಿನಲ್ಲಿ ಬೈಸಿಕೊಂಡರೂ ಸರಿ ಎಂದು ಬರೀ ರಿಬ್ಬನ್ ಕಟ್ಟಿಕೊಂಡು ಹೋದೆ.

ಸಂಜೆ ಅಪ್ಪ ನನ್ನ ತಲೆಯನ್ನೇ ನೋಡಿದ. "ತಾನಾಗೇ ಬಿಚ್ಚೋಯ್ತು" ಎಂದೆ.

"ನಾನೇ ಸಡ್ಲ ಹೆಣೆದಿದ್ದೆ ಅನ್ಸುತ್ತೆ, ಬುಡು."

ಮರುದಿನ ನಾನು ಏಳುವ ಮೊದಲೇ ಬಾಚಣಿಗೆ ಹಿಡಿದು ಜಗಲಿಯಲ್ಲಿ ಕೂತಿದ್ದ. ಹೆಣೆದು ಮುಗಿಸಿ, ಎರಡೂ ಜಡೆಯ ತುದಿಗೆ ಬಾಳೆನಾರು ಮೂರು ಸುತ್ತು ಸುತ್ತಿ ಗಂಟು ಹಾಕಿದ.

"ಇವತ್ತು ಅದೆಂಗೆ ಬಿಚ್ಕೊಂಡದು, ನೋಡಾನ."

ಮೋರಿಯ ಹತ್ತಿರ ನಿಂತೆ. ಬಿಚ್ಚಲು ಕೈ ಬರಲಿಲ್ಲ. ಸ್ಕೂಲಿನಲ್ಲಿ ನಕ್ಕರು, ನಗಲಿ ಎಂದುಕೊಂಡೆ. ಆಮೇಲೆ ದಿನವೂ ಹಾಗೇ ಹೋದೆ.

ಕೂಸನ್ನೆತ್ತಿಕೊಂಡು ಅವ್ವ ವಾಪಸ್ ಬಂದಳು. ಮಾರನೇ ಬೆಳಿಗ್ಗೆ ನಾನು ಎಣ್ಣೆ ಬಟ್ಟಲು ಹಿಡಿದು ಜಗಲಿಗೆ ಬಂದಾಗ ಅಪ್ಪ ಆಗಲೇ ತೋಟಕ್ಕೆ ಹೋಗಿದ್ದ. ಬಾಚಣಿಗೆ ಅವ್ವನ ಕೈಯಲ್ಲಿತ್ತು.